ಬ್ಲಾಗ್ ಬರಹ ಸಂಶೋಧನೆಯಾಗಿ ನಿಲ್ಲಬೇಕಾದರೆ

ಲಕ್ಕುಂಡಿಯ ಶಾಸನವಿರಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿರಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲೋ ಪಿಎಚ್.ಡಿ. ಮಾಡುವವರು ಕಲೆಹಾಕಿದ ಎಷ್ಟೋ ಮಾಹಿತಿ ಪ್ರಬಂಧದೊಳಗೆ ಹಿಡಿಸುವುದಿಲ್ಲ. ಬ್ಲಾಗಿನಲ್ಲಿ ಬರೆದರೆ ಅದು ಆ ಊರಿನವರಿಗೂ ಸಿಗುತ್ತದೆ. ಅಂತರ್ಜಾಲದಲ್ಲಿ ವ್ಯಾಪಕವಾಗಿ ಓದಿಸಿಕೊಂಡ ಬರಹವನ್ನು ಸಂಶೋಧನಾ ಪ್ರಕಟಣೆಗೆ ಸಮನಾಗಿ ಎಣಿಸುವ ನಿಯಮವನ್ನು ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯ 2017ರಲ್ಲೇ ತಂದಿತು. ನಮ್ಮಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರ ನೇಮಕ, ಬಡ್ತಿಗೆಂದು ಮಾಡಿದ 2018ರ ನಿಯಮಾವಳಿಯಲ್ಲಿ ಸಂಶೋಧನೆಗೆ ಅಂಕ ಕೊಡುವ ಪಟ್ಟಿಯಿದ್ದು, ಅದರಲ್ಲಿ ಬ್ಲಾಗಿಗೆಂದು ಬೇರೆ ಸಾಲಿಲ್ಲ. ಬಡ್ತಿಯ ಅಂಕವೊಂದೇ ಗುರಿಯಾದರೆ ಈ ಶ್ರಮ ಬೇಡ. ಬೇರೆಯವರು ಪರಿಶೀಲಿಸಿ, ಉಲ್ಲೇಖಿಸಿ, ಮುಂದುವರಿಸುವಂಥ ಬರಹ ಬೇಕೆನ್ನುವವರಿಗೆ ಕ್ರಮ ಹೀಗಿದೆ.

ಮೊದಲು ಒಂದು ಬರಹಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. 800ರಿಂದ 1,200 ಪದ ಸಾಕು. ಉತ್ತರ ಮೊದಲ ಪ್ಯಾರಾದಲ್ಲೇ ಬರಲಿ.

ಎರಡನೆಯದು ಆಧಾರ. ಹೆಚ್ಚಿನ ಬ್ಲಾಗುಗಳು ಸೋಲುವುದು ಇಲ್ಲೇ. ಶಾಸನವಾದರೆ ಊರು, ತಾಲ್ಲೂಕು, ಕಲ್ಲು ಈಗ ಇರುವ ಜಾಗ, ಹಿಂದೆ ಅಚ್ಚಾಗಿದ್ದರೆ ಸಂಪುಟ ಮತ್ತು ಶಾಸನದ ಸಂಖ್ಯೆ, ನೀವು ಓದಿದ ಸಾಲಿನ ಸಂಖ್ಯೆ ಕೊಡಿ. ಸವೆದ ಅಕ್ಷರವನ್ನು ಊಹಿಸಿ ತುಂಬಿದ್ದರೆ ಚೌಕ ಆವರಣದಲ್ಲಿಡಿ. ಇಲ್ಲವಾದರೆ ನಿಮ್ಮ ಊಹೆಯೇ ನಾಳೆ ಶಾಸನಪಾಠವಾಗಿ ಓಡಾಡುತ್ತದೆ. ಜನಪದ ಹಾಡಾದರೆ ದಿನಾಂಕ, ಸ್ಥಳ, ಹಾಡಿದ ಸಂದರ್ಭ ಬರೆಯಿರಿ. ಹಾಡಿದವರ ಒಪ್ಪಿಗೆಯನ್ನು ರೆಕಾರ್ಡಿಂಗಿನಲ್ಲೇ ಕೇಳಿ ಇಟ್ಟುಕೊಳ್ಳಿ. ಒಪ್ಪದಿದ್ದರೆ ಅವರ ಹೆಸರು ಹಾಕಕೂಡದು. ಹಾಡು ಅವರದು, ನಾವು ಬರೆದುಕೊಂಡವರಷ್ಟೇ.

ಮೂರನೆಯದು ಅಕ್ಷರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪಠ್ಯ ವೆಬ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಸಾಲುಸಾಲಾಗಿ ನೋಡಿ. ತಪ್ಪು ನುಸುಳುವುದು ಅಲ್ಲಿಯೇ. ಪಿಡಿಎಫ್‌ನಿಂದ ಕನ್ನಡ ನಕಲಿಸುವಾಗ ಅಕ್ಷರಗಳು ಒಡೆಯುವುದುಂಟು. ಆದ್ದರಿಂದ ಪಿಡಿಎಫ್ ಜೊತೆಗೆ ವರ್ಡ್ ಕಡತವನ್ನೂ ಕೊಡಿ.

ಬ್ಲಾಗಿನ ವಿಳಾಸವೊಂದನ್ನೇ ನಂಬಬೇಡಿ. ಸ್ವಂತ ಡೊಮೇನ್ (ತಾಣದ ಹೆಸರು) ಇದ್ದರೆ ಅದರ ಶುಲ್ಕ ಕಟ್ಟದ ವರ್ಷ ಎಲ್ಲವೂ ಕಾಣೆಯಾಗುತ್ತದೆ. ಸಂಶೋಧಕರಿಗೆ ಪ್ರತ್ಯೇಕ ಗುರುತಿನ ಸಂಖ್ಯೆ ಕೊಡುವ ಆರ್ಕಿಡ್ (ORCID) ತಾಣದಲ್ಲಿ ಉಚಿತವಾಗಿ 16 ಅಂಕಿಯ ಗುರುತು ಪಡೆಯಿರಿ. ಪಾಟೀಲ, ಹಿರೇಮಠ ಅಡ್ಡಹೆಸರಿನವರು ವಿಭಾಗಕ್ಕೆ ನಾಲ್ವರಿರುವ ನಮ್ಮ ಭಾಗದಲ್ಲಿ ಇದು ತೀರಾ ಅಗತ್ಯ. ಬಳಿಕ ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ ಝೆನೊಡೊ (Zenodo) ಎಂಬ ಸಂಶೋಧನಾ ಕಡತಗಳ ಭಂಡಾರದಲ್ಲಿ ಖಾತೆ ತೆರೆದು, ಬರಹಕ್ಕೆ ಶಾಶ್ವತ ಗುರುತಾಗುವ ಡಿಒಐ (DOI) ಸಂಖ್ಯೆಯನ್ನು ಮುಂಗಡವಾಗಿ ಕಾಯ್ದಿರಿಸಿ. ಅದನ್ನು ಬರಹದ ಮೊದಲ ಪುಟದಲ್ಲಿ ನಮೂದಿಸಿ, ಆಮೇಲೆ ಕಡತ ಏರಿಸಿ. ಮರುಬಳಕೆಗೆ ಅನುಮತಿ ಕೊಡುವುದಾದರೆ ಯಾವ ಷರತ್ತಿನ ಮೇಲೆ ಬಳಸಬಹುದೆಂದು ಹೇಳುವ ಸಿದ್ಧ ಪರವಾನಗಿಯಾದ ಕ್ರಿಯೇಟಿವ್ ಕಾಮನ್ಸ್ ಆರಿಸಿ. ಮುಂದೆ ತಿದ್ದುಪಡಿ ಬಂದರೆ ಹೊಸ ಆವೃತ್ತಿಯಾಗಿ ಸೇರಿಸಿ, ಏನು ಬದಲಾಯಿತೆಂದು ಒಂದು ಸಾಲು ಬರೆಯಿರಿ. ಸದ್ದಿಲ್ಲದೆ ತಿದ್ದಿದರೆ ಹಿಂದೆ ಉಲ್ಲೇಖಿಸಿದವರು ಸುಳ್ಳುಗಾರರಾಗುತ್ತಾರೆ.

ಪ್ರಕಟಿಸುವ ಮುನ್ನ ವಿಷಯ ಬಲ್ಲ ಇಬ್ಬರಿಂದ ಓದಿಸಿ, ಗೈಡ್ ಅವರಿಗೂ ತೋರಿಸಿ. ಕೆಲವು ಸಂಶೋಧನಾ ಪತ್ರಿಕೆಗಳು ಮೊದಲೇ ಪ್ರಕಟವಾದದ್ದನ್ನು ಒಪ್ಪುವುದಿಲ್ಲ. ಅವುಗಳ ನಿಯಮ ಮೊದಲೇ ನೋಡಿಕೊಳ್ಳಿ. ಕೃತಿಚೌರ್ಯ ತಪಾಸಣೆಯಲ್ಲಿ ನಿಮ್ಮ ಬ್ಲಾಗಿನ ಸಾಲುಗಳೇ ಹೋಲಿಕೆಯಾಗಿ ಬರಬಹುದು. ಕೃತಿಚೌರ್ಯ ತಡೆಗೆಂದೇ ಯುಜಿಸಿ 2018ರಲ್ಲಿ ತಂದ ಬೇರೆ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೂ ಪ್ರಬಂಧದ ಅಡಿಟಿಪ್ಪಣಿಯಲ್ಲಿ ನಿಮ್ಮದೇ ಬರಹವನ್ನು ಡಿಒಐ ಸಮೇತ ಉಲ್ಲೇಖಿಸಿ, ಯಾವ ಅಧ್ಯಾಯದಲ್ಲಿ ಬಳಸಿದ್ದೀರೆಂದು ಮುನ್ನುಡಿಯಲ್ಲೂ ಹೇಳಿಬಿಡಿ.