ಐಡ್ಲಿಂಗ್ ಸ್ಕ್ರೂಗೆ ಕೈ ಹಚ್ಚುವ ಮೊದಲು: ಹಳೇ ಬೋಟ್ ಇಂಜಿನ್ನಿನ ಸ್ಲೋ ಸ್ಪೀಡ್ ಸರಿಮಾಡಿದ ಬಗೆ

ಇಂಜಿನ್ನು ನಾಲ್ಕು ಸಿಲಿಂಡರಿನದು. ಕರಾವಳಿಯಲ್ಲಿ ಮೀನುಗಾರಿಕೆ ಬೋಟಿನಲ್ಲಿ ದುಡಿದು ಹಳತಾದ ಮೇಲೆ ಮಾರಾಟಕ್ಕೆ ಬಂದದ್ದು. ಬೋಟಿನ ಗೇರ್‌ಬಾಕ್ಸ್ ಬಿಚ್ಚಿ, ಕಬ್ಬಿಣದ ಚಾನೆಲ್ ಮೇಲೆ ಕೂಡಿಸಿ, ಸೆಂಟ್ರಿಫ್ಯೂಗಲ್ ಪಂಪ್ ಜೋಡಿಸಿ, ಸಿರುಗುಪ್ಪದ ಹತ್ತಿರ ತುಂಗಭದ್ರೆಯ ದಂಡೆಯಲ್ಲಿ ಭತ್ತದ ಗದ್ದೆಗೆ ನೀರೆತ್ತಲು ಇಟ್ಟಿದ್ದೇವೆ. ಇನ್‌ಲೈನ್ ಡೀಸೆಲ್ ಪಂಪು (ಸಿಲಿಂಡರುಗಳಿಗೆ ಡೀಸೆಲ್ ಒತ್ತಿ ಕಳಿಸುವುದು), ಮೆಕ್ಯಾನಿಕಲ್ ಗವರ್ನರ್. 1500 ಆರ್‌ಪಿಎಂನಲ್ಲಿ ನೀರು ಎಳೆಯುವಾಗ ದೂರೇ ಇರಲಿಲ್ಲ. ಲಿವರ್ ಹಿಂದಕ್ಕೆ ಎಳೆದರೆ ಮಾತ್ರ 700ಕ್ಕೆ ನಿಲ್ಲಬೇಕಾದದ್ದು 550ಕ್ಕೆ ಇಳಿದು 850ಕ್ಕೆ ಏರಿ, ಉಯ್ಯಾಲೆಯಂತೆ ತೂಗಿ ಎರಡು ಮೂರು ನಿಮಿಷಕ್ಕೆ ಬಂದ್ ಆಗುತ್ತಿತ್ತು.

ನೀರೆತ್ತುವ ಇಂಜಿನ್ನಿಗೆ ಐಡ್ಲಿಂಗ್, ಅಂದರೆ ಲೋಡಿಲ್ಲದೆ ನಿಧಾನ ತಿರುಗುವುದು, ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಪ್ರೈಮ್ ಆದ (ಮೊದಲೇ ನೀರು ತುಂಬಿದ) ಪಂಪು ನೀರು ಹಿಡಿಯಿತೋ ಇಲ್ಲವೋ, ಶಾಫ್ಟಿನ ಸುತ್ತಲ ಗ್ಲ್ಯಾಂಡಿನಿಂದ ನೀರು ಹನಿಹನಿಯಾಗಿ ಬೀಳುತ್ತಿದೆಯೋ ಧಾರೆಯಾಗಿ ಸುರಿಯುತ್ತಿದೆಯೋ ನೋಡುವುದು ಸ್ಲೋ ಸ್ಪೀಡಿನಲ್ಲೇ. ಲೋಡ್ ಇಳಿಸಿದ ಮೇಲೆ ನಾಲ್ಕೈದು ನಿಮಿಷ ನಿಧಾನಕ್ಕೆ ಓಡಿಸಿ ಹೆಡ್ಡಿನ ಕಾವು ಇಳಿಸಬೇಕು. ಆ ಹೊತ್ತಿನಲ್ಲಿ ತಾನಾಗಿ ನಿಂತರೆ ಪ್ರತಿಸಲ ಬ್ಯಾಟರಿಗೆ ಹೊಡೆತ. ಫುಟ್‌ವಾಲ್ವ್ ಸೋರುತ್ತಿದ್ದರಂತೂ ಮತ್ತೆ ಪ್ರೈಮಿಂಗ್ ತುಂಬಬೇಕು.

ನಮಗಿಂತ ಮೊದಲು ಯಾರೋ ಐಡ್ಲಿಂಗ್ ಸ್ಕ್ರೂ ಒಳಗೆ ಒತ್ತಿದ್ದರು, ಲಾಕ್‌ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ಎಲ್ಲ ಕಡೆ ನಡೆಯುವ ತಪ್ಪು ಇದೇ. ಹಳೇ ಕಾರ್ಬ್ಯುರೇಟರ್ ಗಾಡಿಯಲ್ಲಿ ಆ ಸ್ಕ್ರೂ ತಿರುಗಿಸಿದರೆ ಗಾಳಿಯ ದಾರಿ ಸ್ವಲ್ಪ ತೆರೆದು ಕೆಲಸವಾಗುತ್ತದೆ. ಈ ಡೀಸೆಲ್ ಇಂಜಿನ್ನಿನಲ್ಲಿ ಗಾಳಿಗೆ ತಡೆ ಇಲ್ಲ. ವೇಗ ಹಿಡಿದಿಡುವುದು ಗವರ್ನರು, ಅದು ಡೀಸೆಲ್ ಪಂಪಿನೊಳಗಿನ ಸರಿಯುವ ಸಳಿಯಾದ ರ್‍ಯಾಕನ್ನು ಹಿಂದೆ ಮುಂದೆ ಎಳೆದು ಡೀಸೆಲ್ ಅಳೆಯುತ್ತದೆ. ಐಡ್ಲಿಂಗಿನಲ್ಲಿ ಒಂದು ಸಿಲಿಂಡರಿಗೆ ಒಂದು ಹೊಡೆತಕ್ಕೆ ಹೋಗುವ ಡೀಸೆಲ್ಲು ಒಂದು ಹನಿಗಿಂತ ಎಷ್ಟೋ ಕಡಿಮೆ. ಅಷ್ಟು ಸಣ್ಣ ಅಳತೆಯಲ್ಲಿ ಒಂದು ಗಾಳಿಗುಳ್ಳೆ, ಒಂದು ಸೋರುವ ನಾಜಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ತುದಿ), ಸ್ವಲ್ಪ ಬಿಗಿಯಾದ ರ್‍ಯಾಕ್ ಸಾಕು ಲೆಕ್ಕ ತಪ್ಪಲು. ಫುಲ್ ಲೋಡಿನಲ್ಲಿ ಅದೇ ತಪ್ಪು ಕಾಣುವುದೇ ಇಲ್ಲ. ಆದ್ದರಿಂದ ನಾವು ಸ್ಕ್ರೂ ಮುಟ್ಟಿದ್ದು ಎಲ್ಲದರ ಕೊನೆಗೆ.

ಮೊದಲು ಅಳತೆ. ಬೋಟಿನ ಡ್ಯಾಶ್‌ಬೋರ್ಡಿನ ಮೀಟರನ್ನು ನಂಬಲಿಲ್ಲ. ಅದು ಆಲ್ಟರ್ನೇಟರಿನಿಂದ ಲೆಕ್ಕ ತೆಗೆಯುವಂಥದು, ಪುಲ್ಲಿ ಬದಲಾಗಿದ್ದರೆ, ಬೆಲ್ಟ್ ಜಾರಿದರೆ ಸುಳ್ಳು ಹೇಳುತ್ತದೆ. ಕ್ರ್ಯಾಂಕ್ ಪುಲ್ಲಿ ಒರೆಸಿ, ಹೊಳೆಯುವ ಟೇಪಿನ ಒಂದು ತುಂಡು ಅಂಟಿಸಿ, ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರಿನಿಂದ ತಣ್ಣಗಿದ್ದಾಗ ಒಮ್ಮೆ, ಕಾದ ಮೇಲೆ ಒಮ್ಮೆ ಬರೆದುಕೊಂಡೆವು. ಜೊತೆಗೆ ಕಿವಿ. ಒಂದೇ ತಾಳದಲ್ಲಿ ಏರಿ ಇಳಿದರೆ ಅದು ಹಂಟಿಂಗ್: ಗಾಳಿ, ಗವರ್ನರ್, ರ್‍ಯಾಕ್ ಕಡೆ ನೋಡಬೇಕು. ತಾಳವಿಲ್ಲದೆ ಅಲ್ಲಲ್ಲಿ ಎಡವಿದರೆ, ಸೈಲೆನ್ಸರಿನಲ್ಲಿ ‘ಪುಸ್’ ಎಂದು ಬಿಳಿ ಹೊಗೆ ಉಗುಳಿದರೆ ಅದು ಮಿಸ್ಸಿಂಗ್: ಯಾವುದೋ ಒಂದು ಸಿಲಿಂಡರು ಉರಿಯುತ್ತಿಲ್ಲ. ನಮ್ಮದರಲ್ಲಿ ಎರಡೂ ಇದ್ದವು, ಗೊಂದಲಕ್ಕೆ ಅದೇ ಕಾರಣ.

ಆ್ಯಕ್ಸಿಲರೇಟರ್ ಕೇಬಲ್ಲನ್ನು ಡೀಸೆಲ್ ಪಂಪಿನ ಲಿವರಿನಿಂದ ಬಿಚ್ಚಿ, ಲಿವರನ್ನು ಕೈಯಿಂದಲೇ ಸ್ಟಾಪಿಗೆ ತಂದೆವು. ಉಪ್ಪುಗಾಳಿಗೆ ಒಳತಂತಿ ತುಕ್ಕು ಹಿಡಿದು, ಲಿವರು ಒಮ್ಮೆ ಸ್ಕ್ರೂಗೆ ತಾಗುತ್ತಿತ್ತು, ಒಮ್ಮೆ 3 ಮಿ.ಮೀ. ಮೊದಲೇ ನಿಲ್ಲುತ್ತಿತ್ತು. ಪ್ರತಿಸಲ ಬೇರೆ ಬೇರೆ ಸ್ಪೀಡು ಬರುತ್ತಿದ್ದುದು ಅದರಿಂದ. ಇಂಜಿನ್ನು ಪಕ್ಕದಲ್ಲೇ ಇರುವಾಗ ಬೋಟಿನ ಉದ್ದ ಕೇಬಲ್ಲು ಯಾಕೆ? 8 ಮಿ.ಮೀ. ಸಳಿ, ಎರಡು ಬಾಲ್ ಜಾಯಿಂಟ್, ಒಂದು ರಿಟರ್ನ್ ಸ್ಪ್ರಿಂಗ್ ಹಾಕಿ ಮುಗಿಸಿದೆವು.

ಇನ್ನು ಗಾಳಿ. ‘ಏರ್ ಹಿಡದೈತಿ ನೋಡ್ರಿ’ ಎಂಬ ಮಾತು ಎಲ್ಲ ಮಿಸ್ತ್ರಿಗಳ ಬಾಯಲ್ಲೂ ಬರುತ್ತದೆ. ಎಲ್ಲಿಂದ ಹಿಡಿಯಿತು ಎಂದು ಹುಡುಕುವವರು ಕಡಿಮೆ. ಏರ್ ತೆಗೆದು ಹೋಗುತ್ತಾರೆ, ನಾಳೆ ಮತ್ತೆ ಅದೇ. ಟ್ಯಾಂಕು ಎತ್ತರದಲ್ಲಿದ್ದರೆ ಸಡಿಲ ಜಾಯಿಂಟಿನಿಂದ ಡೀಸೆಲ್ ಹೊರಗೆ ಸೋರಿ ತಾನೇ ತೋರಿಸಿಕೊಡುತ್ತದೆ. ನಮ್ಮ ಡೀಸೆಲ್ ಬ್ಯಾರೆಲ್ಲು ನೆಲದ ಮೇಲೆ, ಅದರಿಂದ ಡೀಸೆಲ್ ಎಳೆದುಕೊಡುವ ಸಣ್ಣ ಫೀಡ್ ಪಂಪು ಅದಕ್ಕಿಂತ ಮೇಲೆ. ಆ ಪೈಪಿನಲ್ಲಿ ಎಳೆತ ಇರುತ್ತದೆಯೇ ಹೊರತು ಒತ್ತಡವಲ್ಲ. ತೂತು ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಜಾಯಿಂಟು ಒಣಗಿದಂತೆ ಸ್ವಚ್ಛವಾಗಿ ಕಾಣುತ್ತದೆ.

ಇದನ್ನು ಪರೀಕ್ಷಿಸಲು 5 ಲೀಟರಿನ ಕ್ಯಾನನ್ನು ಇಂಜಿನ್ನಿಗಿಂತ ಎರಡು ಅಡಿ ಎತ್ತರದಲ್ಲಿ ಕಟ್ಟಿ, ಸೋಸಿದ ಡೀಸೆಲ್ ಹಾಕಿ, ಹೊಸ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಟ್ಟೆವು. ರಿಟರ್ನ್ ಪೈಪಿನ ತುದಿಯನ್ನು ಡೀಸೆಲ್ ಇರುವ ಪಾರದರ್ಶಕ ಬಾಟಲಿಯಲ್ಲಿ ಮುಳುಗಿಸಿಟ್ಟೆವು. ಏರ್ ತೆಗೆದು ಚಾಲೂ ಮಾಡಿದಾಗ ಬಾಟಲಿಯಲ್ಲಿ ಗುಳ್ಳೆ ಬರುವುದು ನಿಂತಿತು, ತೂಗಾಟ 300 ಆರ್‌ಪಿಎಂನಿಂದ 80ಕ್ಕೆ ಇಳಿಯಿತು. ಅಲ್ಲಿಗೆ ತಪ್ಪು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ ಎಂದು ಖಾತ್ರಿಯಾಯಿತು. ಹಳೇ ಪೈಪಿಗೆ ಮರಳಿ, ನಡುನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ ನೋಡುತ್ತ ಹೋದಾಗ ಮೂರು ಕಡೆ ಸಿಕ್ಕಿತು. ಬ್ಯಾಂಜೋ ಬೋಲ್ಟಿನ (ಪೈಪು ಜೋಡಿಸುವ, ನಡುವೆ ತೂತಿರುವ ಬೋಲ್ಟು) ತಾಮ್ರದ ವಾಷರು ಗಟ್ಟಿಯಾಗಿ ಗೆರೆ ಬಿದ್ದಿತ್ತು. ಕೈಯಿಂದ ಡೀಸೆಲ್ ಒತ್ತುವ ಹ್ಯಾಂಡ್ ಪ್ರೈಮರಿನ ಓ-ರಿಂಗ್ ಸೀಳಿತ್ತು. ರಬ್ಬರ್ ಪೈಪಿನ ಒಂದು ತುದಿಯನ್ನು ಕ್ಲಿಪ್ ಇಲ್ಲದೆ ಬರೀ ತಂತಿ ಸುತ್ತಿ ಬಿಗಿದಿದ್ದರು. ತಂತಿ ಎರಡು ಕಡೆ ಒತ್ತುತ್ತದೆ, ಸುತ್ತಲೂ ಒತ್ತುವುದಿಲ್ಲ.

ತಾಮ್ರದ ವಾಷರು ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಕಬ್ಬಿಣದಂತೆ ಗಟ್ಟಿಯಾಗುವುದಿಲ್ಲ. ಆಮೇಲೆ ನುಣ್ಣನೆ ಎಮರಿ ಪೇಪರನ್ನು ಗಾಜಿನ ಮೇಲಿಟ್ಟು ಎರಡೂ ಮುಖ ಸಪಾಟಾಗಿ ತಿಕ್ಕಬೇಕು. ಆಳವಾದ ಗೆರೆ ಇದ್ದರೆ ಬಿಸಾಡಿ. ಫೀಡ್ ಪಂಪಿನ ಕೆಳಗಿನ ಬಟ್ಟಲಿನ ಸಣ್ಣ ಜಾಲರಿಯನ್ನು ತೊಳೆಯಲು ಬಹಳ ಜನ ಮರೆಯುತ್ತಾರೆ. ನಮ್ಮದರಲ್ಲಿ ಭತ್ತದ ಹೊಟ್ಟಿನ ದೂಳು ಕಂಬಳಿಯಂತೆ ಕೂತಿತ್ತು. ಬ್ಯಾರೆಲ್ಲಿನ ಮುಚ್ಚಳದ ಉಸಿರು ತೂತನ್ನೂ ನೋಡಿ. ಅದು ಮುಚ್ಚಿದ್ದರೆ ಇಂಜಿನ್ನು ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಕುಗ್ಗುತ್ತದೆ. ಮುಚ್ಚಳ ತೆಗೆದರೆ ‘ಸುಸ್’ ಎಂದು ಗಾಳಿ ಎಳೆದುಕೊಳ್ಳುವ ಸದ್ದು ಕೇಳುತ್ತದೆ.

ಏರ್ ತೆಗೆಯುವುದು ಡೀಸೆಲ್ ಹರಿಯುವ ದಾರಿಯಲ್ಲೇ: ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಡೀಸೆಲ್ ಪಂಪಿನ ಸ್ಕ್ರೂ, ಕೊನೆಗೆ ನಾಜಲ್ ಪೈಪಿನ ನಟ್ಟುಗಳು. ಮೊದಲ ಎರಡರಲ್ಲಿ ನೊರೆ ಹೋಗಿ ಅಖಂಡ ಧಾರೆ ಬರುವವರೆಗೆ ಪ್ರೈಮರ್ ಒತ್ತುತ್ತಿರಬೇಕು, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ನಾಜಲ್ ಪೈಪಿನ ಏರ್ ಹೋಗಲು ಪ್ರೈಮರ್ ಸಾಲದು, ಸ್ಟಾರ್ಟರಿನಿಂದ ಇಂಜಿನ್ನು ತಿರುಗಿಸಬೇಕು.

ಹಂಟಿಂಗ್ ತಗ್ಗಿದ ಮೇಲೆ ಮಿಸ್ಸಿಂಗ್ ಸ್ಪಷ್ಟವಾಗಿ ಕೇಳತೊಡಗಿತು. ಐಡ್ಲಿಂಗಿನಲ್ಲೇ 17ರ ಪಾನಾದಿಂದ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸ್ಪೀಡ್ ನೋಡಿ ಮತ್ತೆ ಬಿಗಿದೆವು. 1, 2, 4 ಸಡಿಲಿಸಿದಾಗ ಇಂಜಿನ್ನು ಕುಗ್ಗಿತು. 3 ಸಡಿಲಿಸಿದರೆ ಏನೂ ಬದಲಾಗಲಿಲ್ಲ, ಅಂದರೆ ಅದು ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಈ ಪರೀಕ್ಷೆಗೆ ಕನ್ನಡಕ ಬೇಕೇ ಬೇಕು, ನಟ್ಟಿನ ಮೇಲೆ ದಪ್ಪ ಬಟ್ಟೆ ಹಾಕಬೇಕು. ನಾಜಲ್ ಒತ್ತಡದ ಡೀಸೆಲ್ಲು ಚರ್ಮ ಸೀಳಿ ಒಳಗೆ ಹೋಗುತ್ತದೆ, ನೋಡಲು ಸೂಜಿ ಚುಚ್ಚಿದಷ್ಟೇ ಗಾಯ. ಹಾಗಾದರೆ ನೋವಿಲ್ಲದಿದ್ದರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ತಪ್ಪು ನಾಜಲ್ಲಿನದೋ, ಪಂಪಿನದೋ, ಸಿಲಿಂಡರಿನದೋ? 3ರ ಇಂಜೆಕ್ಟರನ್ನು 1ಕ್ಕೆ, 1ರದನ್ನು 3ಕ್ಕೆ ಹಾಕಿದೆವು. ಮಿಸ್ಸಿಂಗ್ ಅದರ ಜೊತೆ 1ಕ್ಕೆ ಹೋಯಿತು. 3ರಲ್ಲೇ ಉಳಿದಿದ್ದರೆ ಪಂಪಿನ ಡೆಲಿವರಿ ವಾಲ್ವ್ ಅಥವಾ ಕಂಪ್ರೆಶನ್ ನೋಡಬೇಕಿತ್ತು. ಬಿಚ್ಚಿದಾಗಲೇ ಇನ್ನೊಂದು ಗುಟ್ಟು ಹೊರಬಂತು: ಸೀಟಿನಲ್ಲಿ ಎರಡು ತಾಮ್ರದ ವಾಷರು. ಹಳೆಯದು ತಳದಲ್ಲಿ ಕಚ್ಚಿಕೊಂಡಿದ್ದು ಗೊತ್ತಾಗದೆ ಮೇಲೆ ಹೊಸದು ಹಾಕಿದ್ದರು. ಆಗ ನಾಜಲ್ಲಿನ ತುದಿ ಒಂದು ವಾಷರಿನಷ್ಟು ಹಿಂದೆ ಸರಿದು, ಸಿಂಪಡಣೆ ಪಿಸ್ಟನ್ನಿನ ಬಟ್ಟಲಿಗೆ ಸರಿಯಾಗಿ ಬೀಳುವುದಿಲ್ಲ. ಟಾರ್ಚ್ ಬಿಟ್ಟು ಸೀಟು ನೋಡುವುದು ಒಂದು ನಿಮಿಷದ ಕೆಲಸ.

ನಾಜಲ್ ಟೆಸ್ಟರಿನ ಮೇಲೆ ಆ ಇಂಜೆಕ್ಟರು 150 ಬಾರ್ ಒತ್ತಡಕ್ಕೇ ಡೀಸೆಲ್ ಬಿಡುತ್ತಿತ್ತು. ಈ ಇಂಜಿನ್ನಿಗೆ ಬೇಕಾದದ್ದು 200. ಇಂಜಿನ್ನಿನಿಂದ ಇಂಜಿನ್ನಿಗೆ ಇದು ಬೇರೆ, ನಿಮ್ಮದರ ಪುಸ್ತಕ ನೋಡಿ. ಬಿಡುವ ಒತ್ತಡಕ್ಕಿಂತ 20 ಬಾರ್ ಕೆಳಗೆ ಹಿಡಿದು ಹತ್ತು ಸೆಕೆಂಡ್ ನಿಲ್ಲಿಸಿದರೆ ತುದಿಯಲ್ಲಿ ಹನಿ ಕಟ್ಟಬಾರದು. ಇದರಲ್ಲಿ ಮೂರು ಸೆಕೆಂಡಿಗೇ ಹನಿ ಉದುರಿತು. ನಾಜಲ್ಲಿನೊಳಗಿನ ನೀಡಲ್ಲನ್ನು ಶುದ್ಧ ಡೀಸೆಲ್ಲಿನಲ್ಲಿ ತೊಳೆದು, ಮೂರನೇ ಒಂದು ಭಾಗ ಹೊರಗೆಳೆದು, ಓರೆಯಾಗಿ ಹಿಡಿದು ಬಿಟ್ಟರೆ ತನ್ನ ತೂಕಕ್ಕೇ ಜಾರಿ ಕೂರಬೇಕು. ಇದು ನಡುವೆ ಸಿಕ್ಕಿ ನಿಂತಿತು. ನಾಜಲ್ ಬದಲಿಸಿ, ಶಿಮ್ (ತೆಳು ಬಿಲ್ಲೆ) ಹಾಕಿ 200ಕ್ಕೆ ತಂದೆವು. ಉಳಿದ ಮೂರೂ 190ರ ಆಸುಪಾಸು ಇದ್ದವು, ಅವನ್ನೂ ಸಮ ಮಾಡಿಸಿದೆವು. ಒಂದನ್ನು ಮಾತ್ರ ಹೊಸದು ಮಾಡಿ ಮೂರನ್ನು ಹಾಗೇ ಬಿಟ್ಟರೆ ಐಡ್ಲಿಂಗ್ ಸಮನಾಗುವುದಿಲ್ಲ.

ಟ್ಯಾಪೆಟ್, ಅಂದರೆ ವಾಲ್ವಿನ ಮೇಲೆ ಬಿಡುವ ಸಂದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೈರಿಂಗ್ ಆರ್ಡರ್ 1-3-4-2, ಆದ್ದರಿಂದ 4ರ ಎರಡೂ ವಾಲ್ವು ತೂಗುವ (ಒಂದು ಮುಚ್ಚುತ್ತ ಇನ್ನೊಂದು ತೆರೆಯುವ) ಹೊತ್ತಿಗೆ 1ರದು, 2ರದು ತೂಗುವಾಗ 3ರದು, ಹೀಗೆ ಜೋಡಿ ಹಿಡಿದು ಸಂದು ಅಳೆಯುವ ಫೀಲರ್ ಗೇಜ್ ಹಾಕಬೇಕು. ಎರಡು ಎಕ್ಸಾಸ್ಟ್ ವಾಲ್ವುಗಳಲ್ಲಿ ಸಂದೇ ಇರಲಿಲ್ಲ. ಸಂದಿಲ್ಲದ ವಾಲ್ವು ಪೂರ್ತಿ ಕೂರುವುದಿಲ್ಲ, ನಿಧಾನ ತಿರುಗುವಾಗ ಕಂಪ್ರೆಶನ್ ಸೋರಿಹೋಗಲು ಬೇಕಾದಷ್ಟು ಹೊತ್ತು ಸಿಗುತ್ತದೆ. ವೇಗ ಏರಿದಾಗ ಸೋರಲು ಸಮಯವಿಲ್ಲ, ಆಗ ಇಂಜಿನ್ನು ಆರೋಗ್ಯವಾಗಿರುವಂತೆ ನಟಿಸುತ್ತದೆ.

ಇಂಜಿನ್ನು ಕಾಯುವ ತನಕ ತಣಿಸುವ ನೀರನ್ನು ತಡೆಯುವ ಥರ್ಮೋಸ್ಟಾಟ್ ವಿಷಯ ನಮ್ಮ ಸೀಮೆಯದೇ ಒಂದು ಕತೆ. ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಹೆದರಿ ಅದನ್ನು ಕಿತ್ತುಹಾಕುವುದು ರೂಢಿ. ಆದರೆ ಇಲ್ಲಿ ಹೀಟ್ ಎಕ್ಸ್‌ಚೇಂಜರಿಗೆ ಇಂಜಿನ್ನಿನ ಒಳನೀರನ್ನು ತಣಿಸಲು ಹೊಳೆಯ ತಣ್ಣೀರು ಸುರಿಯುತ್ತಿದೆ, ಹೊರಗೆ 42 ಡಿಗ್ರಿ ಇದ್ದರೂ ಐಡ್ಲಿಂಗಿನಲ್ಲಿ ಇಂಜಿನ್ನು 50 ಡಿಗ್ರಿ ದಾಟುತ್ತಿರಲಿಲ್ಲ. ತಣ್ಣನೆ ಸಿಲಿಂಡರಿನಲ್ಲಿ ಡೀಸೆಲ್ ಅರೆಬರೆ ಉರಿದು ಬಿಳಿ ಹೊಗೆ. ಸಮುದ್ರದ ನೀರನ್ನೇ ನೇರವಾಗಿ ಬ್ಲಾಕಿನೊಳಗೆ ಹರಿಸುವ ಬೋಟ್ ಇಂಜಿನ್ನುಗಳಲ್ಲಿ ಉಪ್ಪು ಕಟ್ಟದಿರಲಿ ಎಂದು 60 ಡಿಗ್ರಿಯ ಆಸುಪಾಸಿನ ಥರ್ಮೋಸ್ಟಾಟ್ ಇಡುತ್ತಾರೆ. ಹೀಟ್ ಎಕ್ಸ್‌ಚೇಂಜರ್ ಇರುವ ನಮ್ಮಂಥದಕ್ಕೆ ಆ ಭಯವಿಲ್ಲ. 78 ಡಿಗ್ರಿಗೆ ತೆರೆಯುವುದನ್ನು ಹಾಕಿದ ಮೇಲೆ ಹತ್ತು ನಿಮಿಷಕ್ಕೆ ಹೊಗೆ ಹೋಯಿತು.

ಬಿಸಿಲು ತೊಂದರೆ ಕೊಡುವುದು ಬೇರೆ ಕಡೆ. ಕಾದ ಡೀಸೆಲ್ಲು ತೆಳ್ಳಗಾಗುತ್ತದೆ. ಡೀಸೆಲ್ ಪಂಪಿನೊಳಗಿನ ಪ್ಲಂಜರ್ ಎಲಿಮೆಂಟುಗಳು ಸವೆದಿದ್ದರೆ ಸಂದಿನಿಂದ ಹಿಂದಕ್ಕೆ ಸೋರುತ್ತದೆ, ನಿಧಾನ ವೇಗದಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ಸರಿ, ಮಧ್ಯಾಹ್ನ ಕುಗ್ಗಿ ನಿಲ್ಲುತ್ತದೆ, ನಿಂತ ಮೇಲೆ ಬಿಸಿಯಲ್ಲಿ ಚಾಲೂ ಆಗುವುದಿಲ್ಲ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಮತ್ತೆ ಆಗುತ್ತದೆ ಎಂದರೆ ಅದೇ ಗುರುತು. ಅಂಥದನ್ನು ದಂಡೆಯಲ್ಲಿ ಕೂತು ಸರಿಮಾಡಲಾಗದು, ಕ್ಯಾಲಿಬ್ರೇಶನ್ ಬೆಂಚಿಗೇ ಒಯ್ಯಬೇಕು. ನಮ್ಮದು ಆ ಮಟ್ಟಕ್ಕೆ ಹೋಗಿರಲಿಲ್ಲ. ಬ್ಯಾರೆಲ್ಲಿಗೆ ತಗಡಿನ ನೆರಳು ಮಾತ್ರ ಮಾಡಿದೆವು.

ಗವರ್ನರಿಗೆ ಬಂದಾಗ ಉಳಿದಿದ್ದು 80 ಆರ್‌ಪಿಎಂ ತೂಗಾಟ. ಇಂಜಿನ್ ನಿಲ್ಲಿಸಿ, ಡೀಸೆಲ್ ಪಂಪಿನ ಪಕ್ಕದ ಕಿಟಕಿ ಮುಚ್ಚಳ ತೆಗೆದು ಬೆರಳಿನಿಂದ ರ್‍ಯಾಕ್ ಸರಿಸಿದರೆ ನಡುವೆ ಒಂದು ಕಡೆ ಅಂಟುತ್ತಿತ್ತು. ವರ್ಷಗಟ್ಟಲೆ ಬದಲಿಸದ ಪಂಪಿನ ಎಣ್ಣೆ ಅಂಟಾಗಿತ್ತು, ಡೀಸೆಲ್ ವಾಸನೆಯೂ ಇತ್ತು. ತೊಳೆದು ಹೊಸ ಇಂಜಿನ್ ಆಯಿಲ್ ಲೆವೆಲ್ ತನಕ ಹಾಕಿದಾಗ ರ್‍ಯಾಕ್ ಸಲೀಸಾಯಿತು. ಪಂಪಿಗೆ ಕೈ ಹಾಕಿದ ಮೇಲಿನ ಮೊದಲ ಚಾಲೂ ಅಪಾಯದ್ದು: ರ್‍ಯಾಕ್ ತೆರೆದ ಜಾಗದಲ್ಲಿ ಸಿಕ್ಕಿಕೊಂಡರೆ ಇಂಜಿನ್ನು ಕೈಮೀರಿ ಓಡುತ್ತದೆ. ಏರ್ ಫಿಲ್ಟರ್ ಬಿಚ್ಚಿ, ಗಾಳಿಯ ಬಾಯಿಗೆ ಅಳತೆಯಾಗುವ ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರಬೇಕು. ಅಂಗೈಯನ್ನಾಗಲಿ ಬಟ್ಟೆಯನ್ನಾಗಲಿ ಒಡ್ಡಬಾರದು.

ಕಾದ ಇಂಜಿನ್ನಿನಲ್ಲಿ ಕೊನೆಗೆ ಸ್ಕ್ರೂ. ಈ ಗವರ್ನರಿನ ಹಿಂದಿನ ಮುಚ್ಚಳದಲ್ಲಿ, ಟೋಪಿ ನಟ್ಟಿನ ಕೆಳಗೆ, ಐಡ್ಲಿಂಗಿಗೆಂದೇ ಒಂದು ಸಣ್ಣ ಸಹಾಯಕ ಸ್ಪ್ರಿಂಗ್ ಇದೆ. ಅದನ್ನು ಪೂರ್ತಿ ಹಿಂದೆ ತೆಗೆದು, ಐಡ್ಲಿಂಗ್ ಸ್ಕ್ರೂನಿಂದ 700 ಮಾಡಿ, ಆಮೇಲೆ ಸಹಾಯಕ ಸ್ಪ್ರಿಂಗನ್ನು ಕಾಲು ಕಾಲು ಸುತ್ತು ಒಳಗೆ ತಂದು ತೂಗಾಟ ನಿಂತ ಜಾಗದಲ್ಲಿ ಬಿಟ್ಟೆವು. ಅಲ್ಲಿ 720 ಬಂತು. ಅತಿಯಾಗಿ ಒಳಗೆ ತಿರುಗಿಸಿದರೆ ಲೋಡಿಲ್ಲದ ಗರಿಷ್ಠ ವೇಗವೂ ಏರುತ್ತದೆ, ಆದ್ದರಿಂದ ಅದನ್ನು ಮತ್ತೆ ಅಳೆದೆವು. ಸೀಲ್ ಹಾಕಿದ ಮ್ಯಾಕ್ಸಿಮಮ್ ಸ್ಕ್ರೂ ಮುಟ್ಟಲಿಲ್ಲ. 1500ರಿಂದ ಲಿವರನ್ನು ಒಮ್ಮೆಲೇ ಬಿಟ್ಟು ಹತ್ತು ಸಲ ನೋಡಿದೆವು. ಪ್ರತಿಸಲ 690ರ ತನಕ ಇಳಿದು 720ಕ್ಕೆ ಬಂದು ನಿಂತಿತು. 640ಕ್ಕೂ ಅದು ಓಡುತ್ತದೆ, ಆದರೆ ಎಣ್ಣೆ ಕುಡಿದು ಮೆತ್ತಗಾದ ಬುಡದ ರಬ್ಬರುಗಳ ಮೇಲೆ ಇಡೀ ಚಾನೆಲ್ಲೇ ಅದುರುತ್ತದೆ. ರಬ್ಬರು ಬದಲಿಸುವ ತನಕ 720ಕ್ಕೇ ಇಟ್ಟಿದ್ದೇವೆ.