‘ಟುಮಾರೋ’ ಹಾಡನ್ನು ನಮ್ಮ ಹಾರ್ಮೋನಿಯಂಗೆ ಕೂಡಿಸುವ ಬಗೆ

ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 1977ರ ಏಪ್ರಿಲ್‌ನಲ್ಲಿ ರಂಗವೇರಿದ ‘ಆ್ಯನಿ’ ಸಂಗೀತ ನಾಟಕದ ‘ಟುಮಾರೋ’ ಹಾಡನ್ನು ಶಾಲೆಯ ಸ್ನೇಹಸಮ್ಮೇಳನಕ್ಕೆ ಸಿದ್ಧಪಡಿಸಲು ಹೊರಟವರು, ಸ್ವರ ಹಿಡಿಯುವ ಮೊದಲು, ಅದು ನಾಟಕದಲ್ಲಿ ಎಲ್ಲಿ ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಕಥೆ ನಡೆಯುವುದು 1933ರಲ್ಲಿ, ಅಮೆರಿಕವು ಆರ್ಥಿಕ ಮಹಾಕುಸಿತದಲ್ಲಿ ನಲುಗುತ್ತಿದ್ದ ಕಾಲದಲ್ಲಿ. ಅನಾಥಾಲಯದಿಂದ ತಪ್ಪಿಸಿಕೊಂಡ ಹನ್ನೊಂದರ ಹುಡುಗಿ ಆ್ಯನಿ ಬೀದಿಯಲ್ಲಿ ಸಿಕ್ಕ ನಾಯಿಯೊಂದಕ್ಕೆ, ನಾಳೆ ಬಿಸಿಲು ಬಂದೇ ಬರುತ್ತದೆ ಎಂದು ಸಮಾಧಾನ ಹೇಳುತ್ತಾಳೆ. ಎದುರಿಗಿರುವುದು ಸಭೆಯಲ್ಲ, ನಾಯಿ. ಆದ್ದರಿಂದ ಮೊದಲ ಸಾಲನ್ನು ಮಾತಿನಷ್ಟೇ ಮೆಲ್ಲಗೆ ಎತ್ತಿಕೊಳ್ಳಬೇಕು.

ಆಮೇಲೆ ಮೂರು ಧ್ವನಿಮುದ್ರಿಕೆಗಳನ್ನು ಕೇಳಿ. ಚಾರ್ಲ್ಸ್ ಸ್ಟ್ರೌಸ್ ಸಂಗೀತಕ್ಕೂ ಮಾರ್ಟಿನ್ ಚಾರ್ನಿನ್ ಸಾಹಿತ್ಯಕ್ಕೂ ಬ್ರಾಡ್‌ವೇಯಲ್ಲಿ ಮೊದಲ ಕೊರಳಾದವಳು ಅಲ್ಲಿನ ಮೂಲ ತಂಡದ ಬಾಲಕಿ ಆ್ಯಂಡ್ರಿಯಾ ಮೆಕಾರ್ಡಲ್. ಅದೇ ವರ್ಷ ಗ್ರೇಸ್ ಜೋನ್ಸ್ ‘ಪೋರ್ಟ್‌ಫೋಲಿಯೊ’ ಎಂಬ ಆಲ್ಬಮಿನಲ್ಲಿ ಇದನ್ನು ಕುಣಿತದ ಡಿಸ್ಕೊ ಮಾಡಿದರು. 1978ರಲ್ಲಿ ಬಾರ್ಬ್ರಾ ಸ್ಟ್ರೈಸ್ಯಾಂಡ್ ಪ್ರೌಢ ಕೊರಳಿನಲ್ಲಿ ಹಾಡಿದರು. ಒಂದೇ ಯಕ್ಷಗಾನ ಪ್ರಸಂಗದ ಪದ್ಯವನ್ನು ಒಬ್ಬೊಬ್ಬ ಭಾಗವತರ ಬಾಯಲ್ಲಿ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಈ ವ್ಯತ್ಯಾಸಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ನಕಲಿಗೆ ಮಾತ್ರ ಮೆಕಾರ್ಡಲ್ ಅವರನ್ನು ಆರಿಸಿಕೊಳ್ಳಬೇಡಿ. ಆ ಎದೆಗಟ್ಟಿ ಏರುದನಿಯನ್ನು ಅನುಕರಿಸಲು ಹೋದ ಮಕ್ಕಳು ಎರಡನೆಯ ಚರಣಕ್ಕೇ ಗಂಟಲು ಕಟ್ಟಿಸಿಕೊಳ್ಳುತ್ತಾರೆ.

ಈ ಹಾಡಿನ ಜೀವ ಇರುವುದು ನಡುವಿನ ಭಾಗದಲ್ಲಿ. ಬಿಳಿ ನಾಲ್ಕನ್ನು (ಹಾರ್ಮೋನಿಯಂನ ನಾಲ್ಕನೆಯ ಬಿಳಿ ಮನೆ, ಪಾಶ್ಚಾತ್ಯರ ಎಫ್) ಷಡ್ಜ, ಅಂದರೆ ಸಾ, ಮಾಡಿಕೊಂಡು ನುಡಿಸಿದರೆ ಪಲ್ಲವಿಯುದ್ದಕ್ಕೂ ಗಾಂಧಾರ, ಅಂದರೆ ಗಾ, ಶುದ್ಧವಾಗಿರುತ್ತದೆ. ಮೋಡ ಕವಿದ ಒಂಟಿ ದಿನದ ಮಾತು ಬರುವಲ್ಲಿ ಷಡ್ಜ ಕದಲದೆ ಗಾಂಧಾರ ಕೋಮಲಕ್ಕೆ, ಅಂದರೆ ಅರ್ಧ ಸ್ವರ ಕೆಳಕ್ಕೆ, ಇಳಿಯುತ್ತದೆ. ಹಿಂದೂಸ್ತಾನಿ ಕಲಿತ ಶಿರಸಿ, ಹೊನ್ನಾವರದ ಮಕ್ಕಳಿಗೆ ಇದನ್ನು ತೋರಿಸಲು ಕ್ಷಣ ಸಾಕು: ಎಡಗೈಯಲ್ಲಿ ತಿದಿ ಒತ್ತುತ್ತಾ ಸಾ ಹಿಡಿದುಕೊಂಡು, ಬಲಗೈಯ ಒಂದು ಬೆರಳನ್ನು ಬಿಳಿ ಮನೆಯಿಂದ ಅದರ ಎಡಕ್ಕಿರುವ ಕಪ್ಪು ಮನೆಗೆ ಸರಿಸಿದರೆ ಕೋಣೆಯ ಬೆಳಕೇ ತಗ್ಗಿದಂತಾಗುತ್ತದೆ. ಆಷಾಢದಲ್ಲಿ, ತಗಡಿನ ಮಾಡಿನ ಮೇಲೆ ಮಳೆ ಜಡಿಯುತ್ತಿರುವಾಗ ನಾನು ಇದನ್ನು ಕಲಿಸಿದೆ. ಮೂರು ದಿನ ಸೂರ್ಯನ ಮುಖ ಕಾಣದಿದ್ದ ಹುಡುಗಿಯೊಬ್ಬಳು ‘ಇಲ್ಲಿ ಗಾ ಅಳ್ತದಲ್ಲ’ ಎಂದಳು. ಕೋಮಲ ಗಾಂಧಾರವನ್ನು ಅವಸರದಲ್ಲಿ ದಾಟಿದರೆ ಶುದ್ಧ ಗಾಂಧಾರ ಮರಳಿ ಬಂದದ್ದು ಯಾರಿಗೂ ತಿಳಿಯುವುದಿಲ್ಲ, ಹಾಡು ಬರೀ ಉತ್ಸಾಹದ ಘೋಷಣೆಯಾಗುತ್ತದೆ. ಆದಕಾರಣ ಆ ಭಾಗವನ್ನು ಬೇರೆಯಾಗಿ, ಅರ್ಧ ಲಯದಲ್ಲಿ, ದಿನವೂ ಹತ್ತು ಬಾರಿ ಅಭ್ಯಾಸ ಮಾಡಿಸಿ. ಅಲ್ಲಿ ತಬಲಾ ನಿಲ್ಲಲಿ. ಪಲ್ಲವಿ ಮರಳಿದಾಗ ಎಂಟು ಮಾತ್ರೆಯ ಕೆಹರವಾ ತಾಳ ಹಿಡಿದರೆ ಸಾಕು.

ಶ್ರುತಿಯನ್ನು ಕೊನೆಯ ದೀರ್ಘ ಸ್ವರ ನೋಡಿ ನಿರ್ಧರಿಸಬೇಕು: ಮಗು ಅದನ್ನು ಹುಬ್ಬು ಗಂಟಿಕ್ಕದೆ ಹಿಡಿಯಲಾರದಿದ್ದರೆ ಒಂದು ಮನೆ ಕೆಳಗಿಳಿಸಿ.

ಪರವಾನಗಿಯ ವಿಚಾರ ಹೀಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಶಾಲೆಯ ಸಿಬ್ಬಂದಿ ಮತ್ತು ಮಕ್ಕಳು ತಮ್ಮವರ ಹಾಗೂ ಪಾಲಕರ ಮುಂದೆ ಶಾಲಾ ಚಟುವಟಿಕೆಯಾಗಿ ಹಾಡುವುದು ಉಲ್ಲಂಘನೆಯಲ್ಲ. ಟಿಕೆಟ್ ಇಟ್ಟು ಇಡೀ ನಾಟಕ ಆಡುವುದಕ್ಕೆ ಅನುಮತಿ ಬೇಕು, ಸಾಹಿತ್ಯವನ್ನು ಕನ್ನಡಕ್ಕೆ ತಂದು ಪ್ರಕಟಿಸುವುದಕ್ಕೂ ಬೇಕು.

ವೇದಿಕೆಯ ಮೇಲೆ ನಾಯಿಯನ್ನು ತರಬೇಡಿ. ಹಾಡುವವಳ ಕಾಲ ಬಳಿ ಒಂದು ಮಡಿಸಿದ ಕಂಬಳಿ ಇಟ್ಟು, ಅದರ ಕಡೆ ನೋಡಿ ಶುರುಮಾಡಲು ಹೇಳಿ. ತಲೆ ಎತ್ತಿ ಸಭೆಯನ್ನು ನೋಡಬೇಕಾದದ್ದು ಶುದ್ಧ ಗಾಂಧಾರ ಮರಳಿದ ಮೇಲೆಯೇ.