ಫೆರೆಟ್‌ಗೆ ನುಣುಚದಂತೆ ಹಾರ್ನೆಸ್ ತೊಡಿಸುವುದು ಹೇಗೆ?

ನೋಡಲು ಮುಂಗುಸಿಯಂತಿದ್ದರೂ ಫೆರೆಟ್ ನೀರುನಾಯಿಯ ಬಳಗಕ್ಕೆ ಸೇರಿದ ಪ್ರಾಣಿ. ತಲೆ, ಕುತ್ತಿಗೆ ಎರಡೂ ಹೆಚ್ಚುಕಡಿಮೆ ಒಂದೇ ದಪ್ಪವಿರುವುದರಿಂದ ಬರೀ ಕೊರಳಪಟ್ಟಿ ಅದಕ್ಕೆ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಇದನ್ನು ಸಾಕಿರುವ ಸ್ನೇಹಿತರ ಮನೆಗಳಲ್ಲಿ ನಾನು ಕಂಡ ಹಾಗೆ, ತಪ್ಪಿಸಿಕೊಂಡ ಫೆರೆಟ್‌ಗಳು ಬಾರು ಹರಿದುಕೊಂಡು ಓಡಿದವಲ್ಲ, ಹಿಂದಕ್ಕೆ ಸರಿದು ಪಟ್ಟಿಯೊಳಗಿಂದ ನುಣುಚಿಕೊಂಡವು. (ಕ್ಯಾಲಿಫೋರ್ನಿಯ ಮತ್ತು ಹವಾಯಿಯಲ್ಲಿ ಫೆರೆಟ್ ಸಾಕುವುದಕ್ಕೇ ನಿಷೇಧವಿದೆ, ಕೆಲಸದ ನಿಮಿತ್ತ ಅಲ್ಲಿಗೆ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು.)

ಮೊದಲು ಕುತ್ತಿಗೆಗೊಂದು, ಎದೆಗೊಂದು ಪಟ್ಟಿಯಿದ್ದು, ಅವೆರಡನ್ನೂ ಬೆನ್ನಿನ ಮೇಲೊಂದು ಪಟ್ಟಿ ಜೋಡಿಸುವ ಹಾರ್ನೆಸ್ ಕೊಳ್ಳಿ. ಒತ್ತಿ ಅಂಟಿಸುವ ವೆಲ್ಕ್ರೋ ಅಂಗಿಗಳು ಚೆಂದ ಕಾಣುತ್ತವೆ, ಆದರೆ ಕೊಳ್ಳಲೇಬೇಡಿ; ಪ್ರಾಣಿ ಎರಡು ಸಲ ಹೊರಳಿದರೆ ಬಿಚ್ಚಿಕೊಳ್ಳುತ್ತವೆ. ಬೆಕ್ಕಿನ ಮರಿಯ ಹಾರ್ನೆಸ್ಸನ್ನು ಬಿಗಿಮಾಡಿ ಬಳಸುವ ಅಡ್ಡದಾರಿಯೂ ಬೇಡ.

ಎರಡು ಮೂರು ದಿನ ಹಾರ್ನೆಸ್ಸನ್ನು ಅದು ಮಲಗುವ ಬಟ್ಟೆಯ ಜೊತೆ ಇಟ್ಟು ವಾಸನೆ ರೂಢಿಯಾಗಲು ಬಿಡಿ.

ಎಲ್ಲರೂ ಎಡವುವುದು ತೊಡಿಸುವಾಗ. ಫೆರೆಟ್ ನಿದ್ದೆಯಿಂದ ಎದ್ದು, ಸ್ವಲ್ಪ ಆಡಿ ದಣಿದ ಹೊತ್ತಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಒಬ್ಬರು ಬೇಯಿಸಿದ ಕೋಳಿಮಾಂಸದ ಚೂರು ನೆಕ್ಕಿಸುತ್ತಿರಲು ಇನ್ನೊಬ್ಬರು ಮೊದಲು ಕುತ್ತಿಗೆಯ ಪಟ್ಟಿಯನ್ನು, ಆಮೇಲೆ ಮುಂಗಾಲುಗಳ ಹಿಂದೆ ಬರುವ ಎದೆಯ ಪಟ್ಟಿಯನ್ನು ಹಾಕಬೇಕು. ಒಣದ್ರಾಕ್ಷಿಯಂತಹ ಸಿಹಿಯ ಆಮಿಷ ಕೂಡದು, ಅದು ಮಾಂಸಾಹಾರಿ. ಪಟ್ಟಿಯ ಕೆಳಗೆ ನಿಮ್ಮ ಕಿರುಬೆರಳು ತೂರುವಷ್ಟೇ ಸಡಿಲವಿರಲಿ. ಕನಿಕರದಿಂದ ಒಂದು ತೂತು ಹೆಚ್ಚು ಸಡಿಲಿಸಿದರೆ ಅಪಾಯಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಇಷ್ಟಾದ ಮೇಲೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದರ ಎದುರಿಗೆ ಕುಳಿತು ಬಾರನ್ನು ಮೆಲ್ಲನೆ ನಿಮ್ಮತ್ತ ಹಿಡಿಯಿರಿ. ಅದು ಹಿಂದಕ್ಕೆ ಜಗ್ಗುತ್ತದೆ, ಹೊರಳುತ್ತದೆ, ಸತ್ತಂತೆ ಚಪ್ಪಟೆಯಾಗಿ ಮಲಗುತ್ತದೆ. ಮುಂಗಾಲೊಂದು ಪಟ್ಟಿಯಿಂದ ಹೊರಬಂದರೂ ಅಳತೆ ತಪ್ಪಿದೆ ಎಂದೇ ತಿಳಿಯಿರಿ. ಫೆರೆಟ್ ಚಳಿಗಾಲಕ್ಕೆ ಮೈ ತುಂಬಿಕೊಂಡು ವಸಂತದಲ್ಲಿ ಇಳಿಯುವುದರಿಂದ, ಹೋದ ತಿಂಗಳ ಅಳತೆಯನ್ನು ನಂಬದೆ ಪ್ರತಿ ಸಲವೂ ಈ ಪರೀಕ್ಷೆ ಮಾಡಿ.

ಮನೆಯೊಳಗೆ ದಿನಕ್ಕೆ ಐದು ನಿಮಿಷದಿಂದ ಆರಂಭಿಸಿ ಒಂದೆರಡು ವಾರ ನಡೆಸಿ.

ಡಿಸ್ಟೆಂಪರ್ (ನಾಯಿಗಳಿಗೂ ಬರುವ ಒಂದು ವೈರಸ್ ರೋಗ) ಮತ್ತು ರೇಬಿಸ್ ಲಸಿಕೆಗಳಾಗದೆ ಹೊರಗೆ ಕರೆದೊಯ್ಯಬೇಡಿ. ಡಿಸ್ಟೆಂಪರ್ ತಗುಲಿದ ಫೆರೆಟ್ ಬದುಕುವುದಿಲ್ಲವೆಂದೇ ಹೇಳಬೇಕು. ಬಿಸಿಲು 27 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಆ ದಿನದ ನಡಿಗೆ ಬೇಡ. ನಾಯಿಯಂತೆ ಅದು ನಿಮ್ಮ ಪಕ್ಕದಲ್ಲಿ ನಡೆಯುವುದಿಲ್ಲ, ನೀವೇ ಅದರ ಹಿಂದೆ ಹೋಗಬೇಕು. ಮೊಲದ ಬೇಟೆಗೆಂದು ಪಳಗಿಸಿದ ಪ್ರಾಣಿಯಾದ್ದರಿಂದ ಬಿಲ ಕಂಡೊಡನೆ ನುಗ್ಗುತ್ತದೆ. ಒಳಗೆ ಹೋದ ಮೇಲೆ ಎಳೆದರೆ ಪಟ್ಟಿ ಬೇರಿಗೆ ಸಿಕ್ಕಿಕೊಳ್ಳಬಹುದು. ಬಿಲದ ಬಾಯಿ ತಲುಪುವ ಮೊದಲೇ ಎರಡೂ ಕೈಗಳಿಂದ ಎತ್ತಿಕೊಳ್ಳಿ.